ಪಾಲಿಕೆಯ ರೆಸ್ಟೋರೆಂಟ್ ಮತ್ತು ಸಂಗೀತ ಹಾಲ್‌ಗೆ ಹೊಸ ಬಾಡಿಗೆದಾರರನ್ನು ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೆಯ ಬಾಡಿಗೆದಾರರು ಬೀಗದ ಕೈ ಕೊಟ್ಟು ಹೋಗುತ್ತಾರೆ. ಪಾಲಿಕೆಯವರು ಹಳೆಯ ಫೈಲು ತೆಗೆದು, ಬಾಡಿಗೆಗೆ ಒಂದಿಷ್ಟು ಸೇರಿಸಿ, ಟೆಂಡರ್ ಕರೆಯುತ್ತಾರೆ. ಯಾರೂ ಬರುವುದಿಲ್ಲ. ಎರಡನೇ ಸಲ ಕರೆದಾಗ ಒಬ್ಬರು ಬರುತ್ತಾರೆ, ಕೇಳಿದ್ದಕ್ಕಿಂತ ಜಾಸ್ತಿ ಬರೆದಿರುತ್ತಾರೆ, ಸಮಿತಿಯಲ್ಲಿ ಎಲ್ಲರಿಗೂ ಖುಷಿ. ವರ್ಷ ತುಂಬುವ ಹೊತ್ತಿಗೆ ಬಾಡಿಗೆ ಬಾಕಿ, ನೆರೆಯವರ ದೂರು, ಮತ್ತೆ ಬೀಗ.

ಹೀಗೆ ಕೈ ಸುಟ್ಟುಕೊಂಡವರ ಫೈಲುಗಳಲ್ಲಿ ಕಾಣುವ ತಪ್ಪು ಹೆಚ್ಚಾಗಿ ಒಂದೇ. ಕೆಲಸಗಳ ಕ್ರಮ ತಲೆಕೆಳಗಾಗಿರುತ್ತದೆ. ಬಾಡಿಗೆ ಎಷ್ಟು ಎಂದು ಮೊದಲು ತೀರ್ಮಾನ, ಆ ಕಟ್ಟಡ ಎಷ್ಟು ದುಡಿಯಬಲ್ಲದು ಎಂಬ ಲೆಕ್ಕ ಕೊನೆಗೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ನಿಮ್ಮ ಕಾನೂನು ವಿಭಾಗದವರನ್ನು ಮೊದಲ ದಿನದಿಂದಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

- ಅಳತೆ ಇರುವ ಈಗಿನ ನಕ್ಷೆ. ಕಟ್ಟಿದಾಗಿನದ್ದು ಸಾಲದು. ನಡುವೆ ಗೋಡೆ ಒಡೆದಿರುತ್ತಾರೆ.
- ಹಳೆಯ ಕರಾರು, ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿಗಳು, ಪತ್ರ ವ್ಯವಹಾರ.
- ಮೂರು ವರ್ಷದ ಕರೆಂಟ್, ನೀರು, ಗ್ಯಾಸ್ ಬಿಲ್ಲುಗಳು.
- ಸಿಕ್ಕಷ್ಟು ವರ್ಷಗಳ ಮಾರಾಟದ ಲೆಕ್ಕ, ಎಷ್ಟು ಕಾರ್ಯಕ್ರಮ ನಡೆದವು, ಎಷ್ಟು ಜನ ಬಂದರು ಎಂಬ ಪಟ್ಟಿ.
- ಅಗ್ನಿಶಾಮಕ ಇಲಾಖೆ ಒಪ್ಪಿದ ಜನಸಂಖ್ಯೆ ಮಿತಿ.
- ನೆರೆಹೊರೆಯ ಶಬ್ದದ ದೂರುಗಳು, ತಾರೀಖು ಸಮೇತ.

ಜನರ ವಿಷಯ. ಹೊಣೆ ಒಬ್ಬ ಅಧಿಕಾರಿಯ ಹೆಸರಲ್ಲಿ ಇರಲಿ. ಆಸ್ತಿ ವಿಭಾಗ, ಸಂಸ್ಕೃತಿ ವಿಭಾಗ, ಲೆಕ್ಕ ವಿಭಾಗ ಮೂವರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಹೊರಗಿನಿಂದ ಮೂವರ ಸಲಹೆ ಬೇಕು: ದೊಡ್ಡ ಅಡುಗೆಮನೆ ಬಲ್ಲ ಎಂಜಿನಿಯರ್, ಶಬ್ದದ ತಜ್ಞರು, ವಾಣಿಜ್ಯ ಬಾಡಿಗೆ ಕರಾರು ಬರೆದು ಅಭ್ಯಾಸ ಇರುವ ವಕೀಲರು.

ಸಮಯದ ವಿಷಯ. ಹಳೆಯ ಕರಾರು ಮುಗಿಯುವ 12ರಿಂದ 18 ತಿಂಗಳ ಮೊದಲೇ ಶುರು ಮಾಡಿ. ಕಲಾವಿದರ ತಾರೀಖುಗಳು ತಿಂಗಳುಗಟ್ಟಲೆ ಮೊದಲೇ ನಿಗದಿಯಾಗುತ್ತವೆ. ಇಂದು ಬೀಗದ ಕೈ ಪಡೆದವರಿಗೆ ನಾಳೆ ಕಾರ್ಯಕ್ರಮ ಸಿಗುವುದಿಲ್ಲ.

ಹಂತ 1: ಇದು ಹಾಡು ಇರುವ ಊಟದ ಮನೆಯೋ, ಊಟ ಸಿಗುವ ಹಾಡಿನ ಮನೆಯೋ?

ಇದನ್ನು ತೀರ್ಮಾನ ಮಾಡದೆ ಮುಂದಿನ ಒಂದು ಕಾಗದವನ್ನೂ ಬರೆಯಬೇಡಿ. ಎರಡೂ ಒಂದೇ ಸೂರಿನ ಕೆಳಗೆ ಇದ್ದರೂ ಎರಡರ ದುಡಿಮೆ ಬೇರೆ.

ರೆಸ್ಟೋರೆಂಟ್ ದಿನವೂ ತೆರೆದಿರಬೇಕು. ಒಂದೇ ಮೇಜಿಗೆ ಸಂಜೆಗೆ ಎರಡು ಸಲ ಜನ ಕೂರಬೇಕು. ಸಂಗೀತ ಹಾಲ್ ವಾರಕ್ಕೆ ಎರಡು ಮೂರು ರಾತ್ರಿ, ಮೂರು ಮೂರು ಗಂಟೆ ದುಡಿಯುತ್ತದೆ. ಕಾರ್ಯಕ್ರಮದ ದಿನ ಸಂಜೆ ಐದಕ್ಕೆ ಡ್ರಮ್ ಪರೀಕ್ಷೆ ನಡೆಯುತ್ತಿದ್ದರೆ ಆಗ ಊಟಕ್ಕೆ ಬಂದವರು ಎದ್ದು ಹೋಗುತ್ತಾರೆ. ಮೇಜುಗಳನ್ನು ಎತ್ತಿಟ್ಟರೆ ಊಟದ ಆದಾಯ ಹೋಯಿತು, ಬಿಟ್ಟರೆ ಟಿಕೆಟ್ ಆದಾಯ ಹೋಯಿತು.

ಜಾಗದ ಲೆಕ್ಕವೂ ಹಾಗೆಯೇ. ಅಮೆರಿಕದ ಬಹಳಷ್ಟು ಊರುಗಳು ಪಾಲಿಸುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಮೇಜು ಕುರ್ಚಿ ಹಾಕಿದ ಜಾಗದಲ್ಲಿ ಒಬ್ಬರಿಗೆ 15 ಚದರ ಅಡಿ, ಬರೀ ಕುರ್ಚಿ ಇದ್ದರೆ 7, ನಿಂತು ನೋಡುವ ಜಾಗದಲ್ಲಿ 5 ಚದರ ಅಡಿ ಎಂದು ಎಣಿಸುತ್ತದೆ. 3000 ಚದರ ಅಡಿಯ ಹಾಲ್‌ನಲ್ಲಿ ಮೇಜು ಹಾಕಿದರೆ 200 ಜನ, ನಿಲ್ಲಿಸಿದರೆ 600 ಜನ. ಆದರೆ ಆ 600 ಜನರಿಗೆ ಬಾಗಿಲು, ಮೆಟ್ಟಿಲು, ಶೌಚಾಲಯ ಸಾಕಾಗಬೇಕಲ್ವಾ? ಬಹಳಷ್ಟು ಕಡೆ ಜನಸಂಖ್ಯೆಯನ್ನು ಕಟ್ಟಿಹಾಕುವುದು ನೆಲದ ಅಳತೆಗಿಂತ ಹೊರಹೋಗುವ ಬಾಗಿಲಿನ ಅಗಲ.

ಇನ್ನೊಂದು ಪ್ರಶ್ನೆ ಸ್ವಲ್ಪ ಕಸಿವಿಸಿ ತರುವಂಥದ್ದು. ಪಾಲಿಕೆಗೆ ಬೇಕಾಗಿರುವುದು ಬಾಡಿಗೆಯೋ, ಸಂಗೀತವೋ? ಎರಡೂ ಬೇಕು ಎನ್ನಬಹುದು, ಎರಡೂ ಪೂರ್ತಿ ಸಿಗುವುದಿಲ್ಲ. ವಾರದ ದಿನಗಳಲ್ಲೂ ಹೊಸ ಕಲಾವಿದರಿಗೆ ವೇದಿಕೆ ಬೇಕೆಂದರೆ ಆ ಖರ್ಚು ಎಲ್ಲಿಂದಲೋ ಬರಬೇಕು. ಅದು ಬರುವುದು ಬಾಡಿಗೆಯಿಂದಲೇ. ವರ್ಷಕ್ಕೆ ಕನಿಷ್ಠ ಎಷ್ಟು ಸಂಗೀತದ ರಾತ್ರಿ ಬೇಕು, ಅದಕ್ಕಾಗಿ ಎಷ್ಟು ಬಾಡಿಗೆ ಬಿಡಲು ಸಿದ್ಧ ಎಂದು ಸಭೆಯಲ್ಲಿ ಠರಾವು ಮಾಡಿಸಿ. ಅರ್ಧ ಪುಟ ಸಾಕು.

ಎಚ್ಚರಿಕೆಯ ಲಕ್ಷಣ: ಸಮಿತಿಯ ಪ್ರತಿಯೊಬ್ಬರೂ ತಲೆಯಾಡಿಸುತ್ತಿದ್ದಾರೆ, ಆದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಚಿತ್ರ ಇದೆ. ಒಬ್ಬೊಬ್ಬರಿಗೂ ಚೀಟಿ ಕೊಟ್ಟು "ಮಂಗಳವಾರ ರಾತ್ರಿ ಎಂಟಕ್ಕೆ ಅಲ್ಲಿ ಏನು ನಡೆಯುತ್ತಿರಬೇಕು?" ಎಂದು ಬರೆಸಿ ನೋಡಿ. ಗೊತ್ತಾಗುತ್ತದೆ.

ಹಂತ 2: ಕಟ್ಟಡಕ್ಕೆ ಅಂಟಿಕೊಂಡ ಷರತ್ತುಗಳನ್ನು ಹುಡುಕಿ

ಕಟ್ಟಡ ಪಾಲಿಕೆಯದ್ದೇ ಆದರೂ ಬೇಕಾದ ಹಾಗೆ ಕೊಡುವಂತಿಲ್ಲದೆ ಇರಬಹುದು. ಜಾಗ ದಾನವಾಗಿ ಬಂದಿದ್ದರೆ ದಾನಪತ್ರ ಓದಿ. ಉದ್ಯಾನದ ಜಾಗವೋ, ಅನುದಾನದಲ್ಲಿ ಕಟ್ಟಿದ್ದೋ ನೋಡಿ. ಸಾಲದ ಷರತ್ತನ್ನು ಲೆಕ್ಕ ವಿಭಾಗದಿಂದ ತರಿಸಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿಯ ಬಾಂಡ್ ಹಣದಲ್ಲಿ ಕಟ್ಟಿದ್ದರೆ ಖಾಸಗಿ ವ್ಯಾಪಾರದ ಬಳಕೆ ಶೇ. 10 ದಾಟಿದರೆ ತೊಂದರೆ ಶುರುವಾಗಬಹುದು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ಅದನ್ನು ಸರ್ಕಾರದ ಅಕ್ರಮ ನೆರವು ಎಂದು ಪ್ರಶ್ನಿಸುವ ಅವಕಾಶ ಇದೆ. ಹೀಗಾಗಿ ಬಾಡಿಗೆ ಇಳಿಸಿದರೆ ಯಾಕೆ ಇಳಿಸಿದಿರಿ ಎಂಬ ಲೆಕ್ಕ ಫೈಲಿನಲ್ಲಿರಲಿ.

ಹಳೆಯ ಬಾಡಿಗೆದಾರರ ಹಕ್ಕು ಏನೇನು ಉಳಿದಿದೆ ನೋಡಿ. ಕರಾರು ಮುಂದುವರಿಸುವ ಹಕ್ಕು ಎಲ್ಲೋ ಒಂದು ಸಾಲಿನಲ್ಲಿ ಅಡಗಿ ಕೂತಿರುತ್ತದೆ.

ಹೆಸರು ಯಾರದು? ಇದನ್ನು ಬಹಳ ಜನ ಕೇಳುವುದೇ ಇಲ್ಲ. ಊರಿಗೆಲ್ಲ ಗೊತ್ತಿರುವ ಆ ಹೆಸರು, ವೆಬ್‌ಸೈಟ್ ವಿಳಾಸ, ಸಾವಿರಾರು ಜನ ಹಿಂಬಾಲಿಸುವ ಸಾಮಾಜಿಕ ಜಾಲತಾಣದ ಖಾತೆ, ಫೋನ್ ನಂಬರ್ ಎಲ್ಲವೂ ಹಳೆಯ ಬಾಡಿಗೆದಾರರ ಹೆಸರಲ್ಲಿ ಇದ್ದರೆ ಅವರು ಹೋಗುವಾಗ ಗಿರಾಕಿಗಳನ್ನೂ ಜೊತೆಗೆ ಕರೆದುಕೊಂಡು ಹೋದಂತೆ. ಕೊಂಡುಕೊಳ್ಳಬೇಕೇ, ಹೊಸ ಹೆಸರು ಇಡಬೇಕೇ ಎಂದು ಟೆಂಡರ್‌ಗಿಂತ ಮೊದಲೇ ತೀರ್ಮಾನಿಸಿ. ಮುಂದಿನ ಕರಾರಿನಲ್ಲಿ ಇವೆಲ್ಲ ಪಾಲಿಕೆಯ ಹೆಸರಲ್ಲೇ ಇರಬೇಕು ಎಂದು ಬರೆಸಿ.

ಹಂತ 3: ಕಟ್ಟಡವನ್ನು ತಪಾಸಣೆ ಮಾಡಿಸಿ

ಟೆಂಡರ್‌ಗೆ ಯಾರೂ ಬಾರದಿದ್ದರೆ ಕಾರಣ ಬಹುಪಾಲು ಇಲ್ಲಿರುತ್ತದೆ. ಅನುಭವಿಗಳು ಒಳಗೆ ಬಂದು ಹತ್ತು ನಿಮಿಷ ತಲೆಯೆತ್ತಿ ಚಿಮಣಿ ನೋಡಿ, ಹಿಂಬಾಗಿಲು ನೋಡಿ, ನಮಸ್ಕಾರ ಹೇಳಿ ಹೋಗುತ್ತಾರೆ. ಅವರು ನೋಡಿದ್ದನ್ನು ನೀವು ಮೊದಲೇ ನೋಡಿರಬೇಕು.

*ಅಡುಗೆಮನೆ.* ಒಲೆಯ ಮೇಲಿನ ಹುಡ್, ಜಿಡ್ಡಿನ ಹೊಗೆಯನ್ನು ಛಾವಣಿಗೆ ಒಯ್ಯುವ ಕೊಳವೆ, ಹುಡ್‌ನೊಳಗಿನ ಬೆಂಕಿ ನಂದಿಸುವ ವ್ಯವಸ್ಥೆ. ಹೊರಗೆ ಎಳೆದ ಗಾಳಿಯಷ್ಟೇ ಹೊಸ ಗಾಳಿ ಒಳಗೆ ಬರುತ್ತಿದೆಯೇ? ಬರದಿದ್ದರೆ ಬಾಗಿಲು ತೆರೆಯುವುದೇ ಕಷ್ಟ, ಹೊಗೆ ಹಾಲ್‌ಗೆ ನುಗ್ಗುತ್ತದೆ. ಜಿಡ್ಡು ಹಿಡಿಯುವ ತೊಟ್ಟಿಯ ಅಳತೆ, ಚರಂಡಿಯ ಇಳಿಜಾರು, ಗ್ಯಾಸ್ ಕೊಳವೆಯ ಗಾತ್ರ ಬರೆದುಕೊಳ್ಳಿ. ಹೊಗೆ ಕೊಳವೆಯನ್ನು ಕೊನೆಯ ಸಲ ಯಾವಾಗ ತೊಳೆಸಿದರು ಎಂಬುದಕ್ಕೆ ರಸೀದಿ ಇದೆಯೇ ಕೇಳಿ. ಇಲ್ಲದಿದ್ದರೆ ತೊಳೆದಿಲ್ಲ ಎಂದೇ ತಿಳಿಯಿರಿ.

*ಕರೆಂಟ್.* ವೇದಿಕೆಯ ಧ್ವನಿ ಉಪಕರಣಕ್ಕೂ ಫ್ರಿಜ್ ಕಂಪ್ರೆಸರ್‌ಗೂ ದೀಪದ ಡಿಮ್ಮರ್‌ಗೂ ಒಂದೇ ಲೈನ್ ಇದ್ದರೆ ಸ್ಪೀಕರ್‌ನಲ್ಲಿ ಗುಂಯ್‌ ಎನ್ನುವ ಸದ್ದು ಬಿಡುವುದೇ ಇಲ್ಲ. ಬೇರೆ ಲೈನ್, ಸರಿಯಾದ ಅರ್ಥಿಂಗ್ ಬೇಕು.

*ಶಬ್ದ.* ಇಲ್ಲಿ ಸ್ವಲ್ಪ ನಿಲ್ಲೋಣ. ಡೆಸಿಬೆಲ್ ಮಾಮೂಲಿ ಅಳತೆಯ ಹಾಗಲ್ಲ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡು ಪಟ್ಟು. 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. "ಬರೀ 6 ಡೆಸಿಬೆಲ್ ಜಾಸ್ತಿ ಅಷ್ಟೇ" ಎಂದು ಯಾರಾದರೂ ಹೇಳಿದರೆ ನಾಲ್ಕು ಪಟ್ಟು ಶಕ್ತಿ ಎಂದು ಓದಿಕೊಳ್ಳಿ. ನೆರೆಯವರ ನಿದ್ದೆ ಕೆಡಿಸುವುದು ಹಾಡುವ ದನಿಗಿಂತ ಬೇಸ್, ಅಂದರೆ ಢಂ ಢಂ ಎನ್ನುವ ತಗ್ಗು ಸದ್ದು. ಅದು ಗೋಡೆ, ನೆಲ ದಾಟಿ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ 'ಎ' ಅಳತೆ ಬೇಸ್ ಸದ್ದನ್ನು ಕಡಿಮೆ ತೋರಿಸುತ್ತದೆ. ಆದ್ದರಿಂದ 'ಸಿ' ಅಳತೆಯಲ್ಲೂ ಅಳೆಸಿ. ಹಗಲು ಅಳೆದು ಪ್ರಯೋಜನವಿಲ್ಲ. ರಸ್ತೆ ಸುಮ್ಮನಾದ ಮೇಲೆ, ರಾತ್ರಿ, ಹತ್ತಿರದ ಮಲಗುವ ಕೋಣೆಯ ಕಿಟಕಿಯ ಹತ್ತಿರ ಅಳೆಯಬೇಕು.

ಪರಿಹಾರ ಎಂದರೆ ಭಾರದ ಗೋಡೆ, ಒಂದರ ಹಿಂದೆ ಒಂದು ಎರಡು ಬಾಗಿಲು, ಸಂದು ಮುಚ್ಚುವುದು, ಬೇಸ್ ಸದ್ದಿನ ದೊಡ್ಡ ಸ್ಪೀಕರಾದ ಸಬ್‌ವೂಫರನ್ನು ನೆಲದಿಂದ ಬಿಡಿಸಿ ಕೂರಿಸುವುದು, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಉಪಕರಣ. ಗೋಡೆಗೆ ಅಂಟಿಸುವ ಫೋಮ್ ಒಳಗಿನ ಮಾರ್ದನಿಯನ್ನು ಕಡಿಮೆ ಮಾಡುತ್ತದೆ ಅಷ್ಟೇ, ಸದ್ದು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ದುಡ್ಡಷ್ಟೇ ಅಲ್ಲ, ಜೀವವೂ ಹೋಗಿದೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಶಬ್ದಕ್ಕಾಗಿ ಅಂಟಿಸಿದ್ದ ಫೋಮ್‌ಗೆ ತಾಗಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾ ಊರಿನ ಕಿಸ್ ನೈಟ್‌ಕ್ಲಬ್‌ನಲ್ಲಿ ಅದೇ ಬಗೆಯ ಬೆಂಕಿಗೆ 242 ಜನ ಬಲಿಯಾದರು. ನಿಮ್ಮ ಹಾಲ್‌ನಲ್ಲಿ ಫೋಮ್ ಇದ್ದರೆ ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಸಿಗದಿದ್ದರೆ ಕಿತ್ತು ಹಾಕಿಸಿ. ಹೊಸಬರಿಗೆ ಬಿಡಬೇಡಿ, ನೀವೇ ಕೀಳಿಸಿ.

ಪಕ್ಕದ ಖಾಲಿ ಸೈಟಿನಲ್ಲಿ ಏನು ಬರಲಿದೆ ಎಂದು ಯೋಜನಾ ವಿಭಾಗವನ್ನು ಕೇಳಿ. ಇವತ್ತು ಗೋದಾಮು, ನಾಳೆ ಅಪಾರ್ಟ್‌ಮೆಂಟ್. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಯೋಜನಾ ನಿಯಮದಲ್ಲೇ ಒಂದು ಮಾತು ಸೇರಿಸಿದವು: ಹೊಸದಾಗಿ ಬಂದವರೇ ಶಬ್ದ ತಡೆಯುವ ಹೊಣೆ ಹೊರಬೇಕು. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೆ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ಷರತ್ತಾಗಿ ಹಾಕಲು ಆಗುತ್ತದೆಯೇ ನೋಡಿ. ಅನುಮತಿ ಕೊಡುವವರೂ ನೀವೇ, ಹಾಲ್ ಮಾಲೀಕರೂ ನೀವೇ!

*ಉಳಿದವು.* ಸಾಮಾನು ಇಳಿಸಲು ಲಾರಿ ನಿಲ್ಲುವ ಜಾಗ, ಮೆಟ್ಟಿಲಿಲ್ಲದ ಹಿಂಬಾಗಿಲು, ಕಲಾವಿದರಿಗೆ ಕೋಣೆ ಮತ್ತು ಶೌಚಾಲಯ, ಗಾಲಿಕುರ್ಚಿಯಲ್ಲಿ ಬಂದವರು ವೇದಿಕೆಗೂ ಏರುವ ದಾರಿ.

ತಪಾಸಣೆ ಮುಗಿದ ಮೇಲೆ ದುರಸ್ತಿಗಳನ್ನು ಎರಡಾಗಿ ವಿಂಗಡಿಸಿ: ಪಾಲಿಕೆ ಮಾಡಿಕೊಡುವುದು, ಬಾಡಿಗೆದಾರರು ಮಾಡಿಕೊಳ್ಳುವುದು. ಛಾವಣಿ, ಗೋಡೆ, ಮುಖ್ಯ ಕರೆಂಟ್ ಲೈನ್, ಹೊಗೆ ಕೊಳವೆ, ಬೆಂಕಿ ಸುರಕ್ಷತೆ ಪಾಲಿಕೆಯ ಪಾಲಿಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷಕ್ಕೆ ಬರುವವರಿಂದ ಐವತ್ತು ವರ್ಷ ಬಾಳುವ ಕೆಲಸ ಮಾಡಿಸಲು ಹೋದರೆ ಅವರು ಬರುವುದೇ ಇಲ್ಲ.

ಹಂತ 4: ಮಾರಾಟದಿಂದ ಹಿಂದಕ್ಕೆ ಬಂದು ಬಾಡಿಗೆ ಲೆಕ್ಕ ಹಾಕಿ

ಪಕ್ಕದ ಅಂಗಡಿಯ ಚದರ ಅಡಿ ದರ ನೋಡಿ ಬಾಡಿಗೆ ಕಟ್ಟಬೇಡಿ. ಆ ಅಂಗಡಿಯಲ್ಲಿ ವೇದಿಕೆ ಇಲ್ಲ, ಹಗಲೆಲ್ಲ ಖಾಲಿ ಬಿದ್ದಿರುವ ಹಾಲ್ ಇಲ್ಲ.

ರೆಸ್ಟೋರೆಂಟ್ ವ್ಯಾಪಾರದಲ್ಲಿ ಒಂದು ಹಳೆಯ ಅಂದಾಜು ಇದೆ. 100 ಮಾರಾಟವಾದರೆ ಸಾಮಗ್ರಿ ಮತ್ತು ಸಂಬಳಕ್ಕೇ 60ರಿಂದ 65 ಹೋಗುತ್ತದೆ. ಕರೆಂಟ್, ವಿಮೆ, ಲೈಸೆನ್ಸ್, ರಿಪೇರಿ, ಜಾಹೀರಾತು ಕಳೆದು, ಬಾಡಿಗೆ ಮತ್ತು ಜಾಗಕ್ಕೆ ಸಂಬಂಧಿಸಿದ ಖರ್ಚು 6ರಿಂದ 10ರ ಒಳಗೆ ಇದ್ದರೆ ಬದುಕಬಹುದು. ಅದು 15 ಮುಟ್ಟಿದರೆ ಬಾಡಿಗೆ ಬಾಕಿಯಾಗುವುದು ಯಾವ ತಿಂಗಳು ಎಂಬುದೊಂದೇ ಪ್ರಶ್ನೆ.

ಹೀಗಾಗಿ ಮೊದಲು ವರ್ಷದ ಮಾರಾಟವನ್ನು ಅಂದಾಜು ಮಾಡಿ. ಎಷ್ಟು ಕುರ್ಚಿ, ವಾರಕ್ಕೆ ಎಷ್ಟು ಸಲ ತುಂಬುತ್ತವೆ, ಒಬ್ಬರು ಎಷ್ಟು ಖರ್ಚು ಮಾಡುತ್ತಾರೆ, ಕಾರ್ಯಕ್ರಮದ ರಾತ್ರಿ ಎಷ್ಟು. ಚೆನ್ನಾಗಿ ನಡೆದರೆ ಎಷ್ಟು, ಮಾಮೂಲಿ ಎಷ್ಟು, ಸೊರಗಿದರೆ ಎಷ್ಟು ಎಂದು ಮೂರು ಲೆಕ್ಕ ಹಾಕಿ. ಮೂಲ ಬಾಡಿಗೆಯನ್ನು ಸೊರಗಿದ ವರ್ಷಕ್ಕೆ ತಕ್ಕಂತೆ ಇಡಿ. ಚೆನ್ನಾಗಿ ನಡೆದಾಗ ಮಾರಾಟದಲ್ಲಿ ಪಾಲು ಕೇಳಿ.

ಉದಾಹರಣೆ ನೋಡಿ. ಮೂಲ ಬಾಡಿಗೆ 60, ಪಾಲು ಶೇ. 6 ಎಂದಿರಲಿ. 60ನ್ನು ಶೇ. 6ರಿಂದ ಭಾಗಿಸಿದರೆ 1000. ಮಾರಾಟ 1000 ದಾಟುವವರೆಗೆ ಮೂಲ ಬಾಡಿಗೆ ಮಾತ್ರ. 1300 ಆದರೆ ಮೇಲಿನ 300ಕ್ಕೆ ಶೇ. 6, ಅಂದರೆ 18 ಹೆಚ್ಚುವರಿ. ಒಟ್ಟು 78.

ಈಗ ಎಡವುವ ಜಾಗ: ಟಿಕೆಟ್ ಹಣ. ಕಾರ್ಯಕ್ರಮದ ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಕಲಾವಿದರಿಗೆ, ಆಯೋಜಕರಿಗೆ ಹೋಗುತ್ತದೆ. ಸಣ್ಣ ಹಾಲ್‌ಗಳು ಉಸಿರಾಡುವುದು ಆ ರಾತ್ರಿ ಮಾರಿದ ಊಟ, ಪಾನೀಯದಿಂದ. ಪಾಲಿಕೆ ಇಡೀ ಟಿಕೆಟ್ ಹಣದ ಮೇಲೆ ಪಾಲು ಕೇಳಿದರೆ ಬಾಡಿಗೆದಾರರು ತಮ್ಮದಲ್ಲದ ದುಡ್ಡಿಗೂ ಬಾಡಿಗೆ ಕಟ್ಟಿದಂತೆ. ಆಗ ಅವರು ಮಾಡುವುದು ಒಂದೇ, ಸಂಗೀತದ ರಾತ್ರಿಗಳನ್ನು ಕಡಿಮೆ ಮಾಡುತ್ತಾರೆ. ನೀವು ಬರೆದ ಕರಾರೇ ವೇದಿಕೆಯನ್ನು ಖಾಲಿ ಮಾಡಿಸಿತು. ಟಿಕೆಟ್‌ನಲ್ಲಿ ಹಾಲ್‌ಗೆ ಉಳಿದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ತೆರಿಗೆ, ಸಿಬ್ಬಂದಿಗೆ ಸಿಕ್ಕ ಟಿಪ್ಸ್ ಹೊರಗಿಡಿ.

ಶುರುವಿನ ತಿಂಗಳುಗಳಲ್ಲಿ ಒಳಗಿನ ಕೆಲಸ ನಡೆಯುತ್ತಿರುವಾಗ ಬಾಡಿಗೆ ಬೇಡ. ಮೊದಲ ವರ್ಷ ಕಡಿಮೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಲಿ.

ಹಂತ 5: ಕೊಡುವ ರೀತಿ ಯಾವುದು?

ಮೂರು ದಾರಿ ಇವೆ. ಲೀಸ್ ಕೊಟ್ಟರೆ ನಷ್ಟ ಲಾಭ ಅವರದು, ಜಾಗದ ಮೇಲೆ ಗಟ್ಟಿ ಹಕ್ಕೂ ಅವರದು. ಒಳಗೆ ಹಣ ಹಾಕಲು ಬ್ಯಾಂಕ್ ಸಾಲ ಸಿಗುವುದೂ ಇದರಲ್ಲೇ ಸುಲಭ. ಲೈಸೆನ್ಸ್ ಎಂದರೆ ಬಳಸುವ ಅನುಮತಿ ಮಾತ್ರ. ಕಡಿಮೆ ಅವಧಿಗೆ ಸರಿ, ಆದರೆ ಅದನ್ನು ನಂಬಿ ಯಾರೂ ಹೊಸ ಅಡುಗೆಮನೆ ಕಟ್ಟುವುದಿಲ್ಲ. ಮೂರನೆಯದು ನಿರ್ವಹಣೆ ಒಪ್ಪಂದ. ಪಾಲಿಕೆಯೇ ವ್ಯಾಪಾರಿ, ಅವರು ನಡೆಸಿಕೊಡುವವರು. ಸಂಗೀತ ಹೇಗಿರಬೇಕು ಎಂಬ ಹಿಡಿತ ನಿಮ್ಮಲ್ಲಿರುತ್ತದೆ, ನಷ್ಟವೂ ನಿಮ್ಮ ತಲೆಗೇ.

ಹೊಸಬರಿಂದ ದೊಡ್ಡ ಹೂಡಿಕೆ ಬಯಸಿದರೆ ಲೀಸ್, ಅದೂ ಹೂಡಿದ ಹಣ ವಾಪಸ್ ಬರುವಷ್ಟು ವರ್ಷಕ್ಕೆ. ಮೂರು ವರ್ಷದ ಅವಧಿ ಕೊಟ್ಟು "ಸಂಪೂರ್ಣ ನವೀಕರಣ ಮಾಡತಕ್ಕದ್ದು" ಎಂದು ಬರೆದ ಟೆಂಡರ್‌ಗೆ ಜನ ಬರುವುದಿಲ್ಲ.

ಹಂತ 6: ಟೆಂಡರ್‌ಗೆ ಮೊದಲು ಜನರ ಹತ್ತಿರ ಮಾತಾಡಿ

ಒಳ್ಳೆಯ ರೆಸ್ಟೋರೆಂಟ್ ನಡೆಸುವವರು ಪಾಲಿಕೆಯ ಟೆಂಡರ್ ಪುಟ ಓದುವುದಿಲ್ಲ. ಅವರು ಅಡುಗೆಮನೆಯಲ್ಲಿ ಇರುತ್ತಾರೆ. ನೀವೇ ಫೋನ್ ಮಾಡಬೇಕು. ಹತ್ತು ಹದಿನೈದು ನಿರ್ವಾಹಕರನ್ನು, ಕಾರ್ಯಕ್ರಮ ಆಯೋಜಕರನ್ನು ಕರೆದು ಜಾಗ ತೋರಿಸಿ, ಅರ್ಧರ್ಧ ಗಂಟೆ ಕೇಳಿಸಿಕೊಳ್ಳಿ. ಈ ಷರತ್ತಿಗೆ ನೀವು ಬರುತ್ತೀರಾ? ಯಾವುದು ಬದಲಾದರೆ ಬರುತ್ತೀರಿ? ಎಲ್ಲರಿಗೂ ಒಂದೇ ಮಾಹಿತಿ ಕೊಡಿ, ಮಾತಾಡಿದ್ದನ್ನು ಬರೆದಿಡಿ. ಮುಂದೆ ಪಕ್ಷಪಾತದ ದೂರು ಬಂದರೆ ಆ ಕಾಗದವೇ ಕಾಪಾಡುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಾಗುತ್ತದೆ. ಊಟ ಬಲ್ಲವರಿಗೆ ಸಂಗೀತ ಗೊತ್ತಿಲ್ಲ, ಸಂಗೀತ ಬಲ್ಲವರಿಗೆ ಅಡುಗೆಮನೆ ಗೊತ್ತಿಲ್ಲ. ಇಬ್ಬರೂ ಜೊತೆಯಾಗಿ ಬರಲು ಟೆಂಡರ್‌ನಲ್ಲಿ ಅವಕಾಶ ಇಡಿ, ಜೊತೆಗಾರರನ್ನು ಹುಡುಕಿಕೊಳ್ಳಲು ಸಮಯ ಕೊಡಿ. ಆದರೆ ಕರಾರಿಗೆ ಸಹಿ ಹಾಕಿ ಪೂರ್ತಿ ಹೊಣೆ ಹೊರುವ ಸಂಸ್ಥೆ ಒಂದೇ ಇರಬೇಕು. ಇಲ್ಲದಿದ್ದರೆ ಬಾಡಿಗೆ ಕೇಳಿದಾಗ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ.

ಹಂತ 7: ಟೆಂಡರ್ ದಾಖಲೆ ಬರೆಯಿರಿ

ಹಂತ 1ರ ಠರಾವು, ತಪಾಸಣೆ ವರದಿ, ಬಿಲ್ಲುಗಳು, ನಕ್ಷೆ, ಕರಾರಿನ ಕರಡು ಎಲ್ಲವನ್ನೂ ಜೊತೆಗೆ ಲಗತ್ತಿಸಿ. ದೋಷ ಮುಚ್ಚಿಡಬೇಡಿ. ಸೋರುವ ಛಾವಣಿಯನ್ನು ನೀವೇ ಹೇಳಿದರೆ ಚೌಕಾಸಿ ಒಂದೇ ಸಲಕ್ಕೆ ಮುಗಿಯುತ್ತದೆ. ಅವರು ಆಮೇಲೆ ಕಂಡುಹಿಡಿದರೆ ಉಳಿದ ಕಾಗದಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಅಂಕಗಳನ್ನು ಮೊದಲೇ ಪ್ರಕಟಿಸಿ. 100ಕ್ಕೆ ನಾನು ಹೀಗೆ ಹಂಚುತ್ತೇನೆ:

- ನಡೆಸಿದ ಅನುಭವ: 30
- ಸಂಗೀತ ಮತ್ತು ಊಟದ ಯೋಜನೆ: 25
- ಹಣದ ಬಲ: 20
- ಬಾಡಿಗೆ: 15
- ಶಬ್ದ, ನೆರೆಹೊರೆ, ಸ್ಥಳೀಯ ಕಲಾವಿದರಿಗೆ ಅವಕಾಶ: 10

ಬಾಡಿಗೆಗೆ 15 ಮಾತ್ರವೇ ಎಂದು ಲೆಕ್ಕ ವಿಭಾಗದವರು ಹುಬ್ಬೇರಿಸುತ್ತಾರೆ. ಅತಿ ಹೆಚ್ಚು ಬರೆಯುವವರು ಎಷ್ಟೋ ಸಲ ಅತಿ ತಪ್ಪು ಲೆಕ್ಕ ಹಾಕಿದವರಾಗಿರುತ್ತಾರೆ. ಕಾನೂನು ಹೆಚ್ಚಿನ ದರಕ್ಕೇ ಕೊಡಬೇಕು ಎನ್ನುವ ಕಡೆ ಎರಡು ಲಕೋಟೆ ಪದ್ಧತಿ ಇಟ್ಟುಕೊಳ್ಳಿ. ಅನುಭವ, ಯೋಜನೆಯ ಲಕೋಟೆಯಲ್ಲಿ ಪಾಸಾದವರದ್ದು ಮಾತ್ರ ದರದ ಲಕೋಟೆ ತೆರೆಯಿರಿ.

ಅರ್ಜಿಗೆ ಎಂಟು ವಾರವಾದರೂ ಸಮಯ ಇರಲಿ, ಜಾಗ ನೋಡಲು ಎರಡು ದಿನ ಇಡಿ, ಅದರಲ್ಲಿ ಒಂದು ಸಂಜೆಯಾಗಿರಲಿ. ಒಬ್ಬರು ಕೇಳಿದ ಪ್ರಶ್ನೆಯ ಉತ್ತರ ಎಲ್ಲರಿಗೂ ಬರಹದಲ್ಲಿ ಹೋಗಬೇಕು.

ಹಂತ 8: ಅರ್ಜಿಗಳನ್ನು ತೂಗಿ

ಸಮಿತಿಯವರು ಮೊದಲು ತಮಗೂ ಅರ್ಜಿದಾರರಿಗೂ ಸಂಬಂಧವಿಲ್ಲ ಎಂದು ಬರೆದುಕೊಡಲಿ. ಒಬ್ಬೊಬ್ಬರೂ ಪ್ರತ್ಯೇಕವಾಗಿ ಅಂಕ ಹಾಕಿ ಆಮೇಲೆ ಕೂತು ಮಾತಾಡಲಿ. ಒಟ್ಟಿಗೆ ಕೂತು ಹಾಕಿದರೆ ದೊಡ್ಡ ದನಿಯವರ ಅಂಕವೇ ಎಲ್ಲರದೂ ಆಗುತ್ತದೆ.

ಅರ್ಜಿಯಲ್ಲಿ ಕಾಣುವ ಎಚ್ಚರಿಕೆಯ ಲಕ್ಷಣಗಳು:

- ಮೊದಲ ತಿಂಗಳಿಂದಲೇ ಲಾಭ ತೋರಿಸುವ ಲೆಕ್ಕ.
- ಕೈಯಲ್ಲಿ ಆರು ತಿಂಗಳ ಖರ್ಚಿಗೆ ಹಣವಿಲ್ಲ. "ಹೂಡಿಕೆದಾರರು ಬರಲಿದ್ದಾರೆ" ಎಂಬ ಒಂದು ಸಾಲು ಇದೆ.
- ಸಂಗೀತದ ಯೋಜನೆ ಎರಡೇ ಸಾಲು. ಕಾರ್ಯಕ್ರಮ ಗೊತ್ತು ಮಾಡುವವರು ಯಾರು ಎಂಬ ಹೆಸರಿಲ್ಲ.
- ಶಬ್ದದ ಪ್ರಶ್ನೆಗೆ "ನೆರೆಯವರ ಜೊತೆ ಹೊಂದಿಕೊಂಡು ಹೋಗುತ್ತೇವೆ" ಎಂಬ ಉತ್ತರ.
- ಹಿಂದಿನ ಜಾಗದ ಮಾಲೀಕರ ಫೋನ್ ನಂಬರ್ ಕೊಟ್ಟಿಲ್ಲ.

ಮೊದಲ ಮೂವರು ಈಗ ನಡೆಸುತ್ತಿರುವ ಜಾಗಕ್ಕೆ ಹೇಳದೆ ಹೋಗಿ. ಕೆಲಸದ ದಿನ ಹೋಗಿ, ವಾರಾಂತ್ಯ ಬೇಡ. ಶೌಚಾಲಯ ನೋಡಿ, ಹಿಂಬಾಗಿಲು ನೋಡಿ. ಅವರಿಗೆ ಸಾಮಗ್ರಿ ಕೊಡುವವರನ್ನು, ಅಲ್ಲಿ ಹಾಡಿದ ಕಲಾವಿದರನ್ನು "ದುಡ್ಡು ಸಮಯಕ್ಕೆ ಸಿಗುತ್ತದೆಯಾ?" ಎಂದು ಕೇಳಿ.

ಹಂತ 9: ಕರಾರು ಗಟ್ಟಿ ಮಾಡಿ

*ಲೆಕ್ಕ.* ಪ್ರತಿ ತಿಂಗಳು ಮಾರಾಟದ ವರದಿ ಬಿಲ್ಲಿಂಗ್ ಯಂತ್ರದಿಂದ ನೇರವಾಗಿ ಬರಬೇಕು. ಲೆಕ್ಕಪರಿಶೋಧನೆ ಮಾಡುವ ಹಕ್ಕು ಪಾಲಿಕೆಗೆ ಇರಬೇಕು.

*ನಡೆಸುವ ಕರ್ತವ್ಯ.* ವಾರಕ್ಕೆ ಎಷ್ಟು ದಿನ ತೆರೆದಿರಬೇಕು, ವರ್ಷಕ್ಕೆ ಕನಿಷ್ಠ ಎಷ್ಟು ಸಂಗೀತದ ರಾತ್ರಿ ಎಂದು ಸಂಖ್ಯೆಯಲ್ಲೇ ಬರೆಯಿರಿ. "ನಿಯಮಿತವಾಗಿ" ಎಂಬ ಪದ ಬೇಡ, ಅದಕ್ಕೆ ಅರ್ಥವೇ ಇಲ್ಲ. ಮೂಲೆಯಲ್ಲಿ ಒಬ್ಬರು ಗಿಟಾರ್ ಹಿಡಿದು ಕೂತರೆ ಅದು ಕಾರ್ಯಕ್ರಮವೇ? ಅದನ್ನೂ ಬರೆಯಿರಿ.

*ಶಬ್ದ.* ಎಲ್ಲಿ, ಯಾವ ಅಳತೆಯಲ್ಲಿ, ಎಷ್ಟು ಗಂಟೆಯ ನಂತರ ಎಷ್ಟು ಎಂಬ ಮಿತಿ ಇರಲಿ. ಲಿಮಿಟರ್ ಪೆಟ್ಟಿಗೆಯ ಬೀಗದ ಕೈ ಪಾಲಿಕೆಯ ಹತ್ತಿರ ಇರಲಿ. ಒಳಗಿರುವ ಕಿವಿಗಳಿಗೂ ಒಂದು ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದು ಹೇಳಿದೆ.

*ಲೈಸೆನ್ಸ್‌ಗಳು.* ಮದ್ಯದ ಲೈಸೆನ್ಸ್ ಕೆಲವು ಕಡೆ ಜಾಗಕ್ಕೆ, ಕೆಲವು ಕಡೆ ವ್ಯಕ್ತಿಗೆ ಸೇರಿದ್ದು. ವ್ಯಕ್ತಿಗೆ ಸೇರಿದ್ದಾದರೆ ಹೊಸಬರಿಗೆ ಅದು ಕೈಸೇರಲು ತಿಂಗಳುಗಳು ಹಿಡಿಯಬಹುದು. ಬಾಡಿಗೆ ಶುರುವಾಗುವ ದಿನವನ್ನು ಅದಕ್ಕೆ ಹೊಂದಿಸಿ. ಹಾಡುಗಳನ್ನು ಜನರ ಮುಂದೆ ನುಡಿಸಲು ಕಟ್ಟಬೇಕಾದ ಶುಲ್ಕವೂ ಇದೆ. ಭಾರತದಲ್ಲಿ ಐಪಿಆರ್‌ಎಸ್, ಬ್ರಿಟನ್‌ನಲ್ಲಿ ಪಿಆರ್‌ಎಸ್, ಜರ್ಮನಿಯಲ್ಲಿ ಗೆಮಾ, ಅಮೆರಿಕದಲ್ಲಿ ಆಸ್ಕ್ಯಾಪ್ ಮತ್ತು ಬಿಎಂಐ ಈ ಶುಲ್ಕ ವಸೂಲು ಮಾಡುವ ಸಂಸ್ಥೆಗಳು. ಹೊರಗಿನ ಆಯೋಜಕರು ಹಾಲ್ ಪಡೆದ ರಾತ್ರಿ ಅದನ್ನು ಯಾರು ಕಟ್ಟುತ್ತಾರೆ ಎಂದು ಬರೆಯದಿದ್ದರೆ ನೋಟಿಸ್ ಮಾಲೀಕರಾದ ನಿಮಗೂ ಬರಬಹುದು.

*ಹೋಗುವ ದಾರಿ.* ಠೇವಣಿ, ಜಾಮೀನು, ಬಾಡಿಗೆ ಎಷ್ಟು ದಿನ ತಡವಾದರೆ ಏನು ಕ್ರಮ, ಬೇರೆಯವರಿಗೆ ವಹಿಸಿಕೊಡಬಹುದೇ, ಹೋಗುವಾಗ ಗೋಡೆಗೆ ಜಡಿದ ವಸ್ತು ಯಾರದು. ಅನುಭವಿ ಎಂದು ಯಾರನ್ನು ನಂಬಿ ಅಂಕ ಕೊಟ್ಟಿರೋ ಆ ವ್ಯಕ್ತಿ ಸಂಸ್ಥೆ ಬಿಟ್ಟರೆ ಪಾಲಿಕೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬ ಸಾಲನ್ನು ಮರೆಯಬೇಡಿ.

ಹಂತ 10: ಖಾಲಿ ಇರುವ ತಿಂಗಳುಗಳನ್ನು ನೋಡಿಕೊಳ್ಳಿ

ಹಳೆಯವರು ಹೋಗುವ ದಿನ ಮಹಜರಿನಂತೆ ಪಟ್ಟಿ ಮಾಡಿ: ಉಳಿಯುವುದು, ಹೋಗುವುದು, ಗುಜರಿಗೆ ಹಾಕುವುದು. ಫೋಟೋ, ಮೀಟರ್ ಅಂಕಿ, ಇಬ್ಬರ ಸಹಿ. ಮುಂದಿನ ತಾರೀಖುಗಳಿಗೆ ಅವರು ಮಾರಿದ ಟಿಕೆಟ್ ಹಣ ಎಲ್ಲಿದೆ ಎಂದು ಕೇಳಿ. ಇದನ್ನು ಕೇಳದೆ ಬಿಟ್ಟರೆ ಟಿಕೆಟ್ ಕೊಂಡವರು ಪಾಲಿಕೆಯ ಬಾಗಿಲಿಗೇ ಬರುತ್ತಾರೆ.

ವಾರಕ್ಕೊಮ್ಮೆ ಎಲ್ಲ ನಲ್ಲಿ ತಿರುಗಿಸಿ ನೀರು ಹರಿಸಿ. ಇಲ್ಲದಿದ್ದರೆ ಚರಂಡಿಯ ಬಾಗುಕೊಳವೆಗಳು ಒಣಗಿ ವಾಸನೆ ಒಳಗೆ ಬರುತ್ತದೆ, ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಜಿಡ್ಡಿನ ತೊಟ್ಟಿ ಖಾಲಿ ಮಾಡಿಸಿ, ಇಲಿ ಜಿರಳೆಗೆ ಔಷಧ ಹೊಡೆಸಿ. ವಿಮಾ ಕಂಪನಿಗೆ ಕಟ್ಟಡ ಖಾಲಿ ಇದೆ ಎಂದು ಬರಹದಲ್ಲಿ ತಿಳಿಸಿ. ಕೆಲವು ಪಾಲಿಸಿಗಳಲ್ಲಿ 30 ಅಥವಾ 60 ದಿನ ಖಾಲಿ ಬಿದ್ದರೆ ರಕ್ಷಣೆ ಕಡಿಮೆಯಾಗುತ್ತದೆ.

ಸಾಧ್ಯವಿದ್ದರೆ ತಿಂಗಳಿಗೆ ಎರಡು ರಾತ್ರಿಯಾದರೂ ಹೊರಗಿನ ಆಯೋಜಕರಿಗೆ ದಿನದ ಲೆಕ್ಕದಲ್ಲಿ ಹಾಲ್ ಕೊಡಿ. ಜನರಿಗೆ ಆ ಬಾಗಿಲಿನ ಅಭ್ಯಾಸ ತಪ್ಪಬಾರದು. ಅದು ಬಾಡಿಗೆಯ ಹಕ್ಕಾಗಿ ಬೆಳೆಯದಂತೆ ವಕೀಲರು ಕಾಗದ ಬರೆಯಲಿ.

ಹಂತ 11: ಮೊದಲ ವರ್ಷ ಹತ್ತಿರದಿಂದ ನೋಡಿ

ತಿಂಗಳಿಗೊಮ್ಮೆ ಅರ್ಧ ಗಂಟೆ ಭೇಟಿ ಸಾಕು. ನೋಡಬೇಕಾದ್ದು ನಾಲ್ಕೇ: ಮಾರಾಟದ ವರದಿ, ನಡೆದ ಕಾರ್ಯಕ್ರಮಗಳ ಸಂಖ್ಯೆ, ದೂರುಗಳು, ಮುಂದಿನ ಮೂರು ತಿಂಗಳ ಕಾರ್ಯಕ್ರಮ ಪಟ್ಟಿ. ತೊಂದರೆ ಮೊದಲು ಕಾಣುವುದು ಕೊನೆಯದರಲ್ಲಿ. ಬಾಡಿಗೆ ಬಾಕಿಯಾಗುವ ಎಷ್ಟೋ ಮೊದಲೇ ಕ್ಯಾಲೆಂಡರ್ ಖಾಲಿಯಾಗುತ್ತದೆ. ಆಮೇಲೆ ಸೋಮವಾರ ರಜೆ, ಮಂಗಳವಾರವೂ ರಜೆ. ಆಮೇಲೆ ವರದಿ ತಡ. ವರದಿ ಮೊದಲ ಸಲ ತಡವಾದಾಗಲೇ, ನೋಟಿಸ್ ಕಳಿಸುವ ಬದಲು, ಖುದ್ದಾಗಿ ಹೋಗಿ ಮಾತಾಡಿ.

ಎರಡನೇ ಸ್ಥಾನ ಬಂದವರ ಅರ್ಜಿಯನ್ನು ಬಿಸಾಡಬೇಡಿ. ಅರ್ಜಿಗಳು ಆರು ತಿಂಗಳು ಊರ್ಜಿತವಾಗಿರುತ್ತವೆ ಎಂದು ಟೆಂಡರ್‌ನಲ್ಲೇ ಬರೆದಿದ್ದರೆ, ಗೆದ್ದವರು ಸಹಿ ಹಾಕುವ ಹೊತ್ತಿಗೆ ಹಿಂದೆ ಸರಿದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಸೋತವರಿಗೆ ಯಾಕೆ ಸೋತಿರಿ ಎಂದು ಹತ್ತು ನಿಮಿಷ ಫೋನಿನಲ್ಲಿ ಹೇಳಿ. ಮುಂದಿನ ಸಲ ಅವರಿಗೇ ಫೋನ್ ಮಾಡಬೇಕಾಗಿ ಬರಬಹುದು.